ಗಂಟಿನೊಳಗಿನ ಸೂಜಿ

ಆ ಮಾತನ್ನು ಸೂಪರ್‌ವೈಸರ್ ಅಂದಾಗ ಯಾರಿಗೂ ನೋವಾಗಲಿಲ್ಲ. ಅದನ್ನೇ ಸಣ್ಣಕ್ಕ ಬರೆದಾಗ ಒಂದು ಗಂಟೆಯೊಳಗೆ ನಲವತ್ತು ಜನಕ್ಕೆ ನೋವಾಯಿತು.

ಅಂದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಹನ್ನೆರಡು ಜನ ಕೇಳಿಸಿಕೊಂಡರು. ಒಬ್ಬರೂ ತಲೆ ಎತ್ತಲಿಲ್ಲ. ಬರೆದದ್ದು ಫೋನಿನೊಳಗಿನ ಬರಹಗಾರರ ಬಳಗದಲ್ಲಿ. ಅಲ್ಲಿ ಎರಡು ಸಾವಿರ ಜನ. ಒಬ್ಬರ ಹೊರತು ಯಾರಿಗೂ ಆ ನೆಲಮಾಳಿಗೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆ ಒಬ್ಬರೂ ಕೊಳವೆಯ ಮೇಲಿನ ಬಾಯಿಯನ್ನು ಮಾತ್ರ ನೋಡಿದ್ದರು.

ಕೊಳವೆಯ ವಿಷಯ ಮೊದಲು ಹೇಳಿಬಿಡಬೇಕು. ಒಗೆಯುವ ಕೋಣೆಗೆ ಕಿಟಕಿಯಿಲ್ಲ. ಒಂದು ಮೂಲೆಯಲ್ಲಿ ಆಳೆತ್ತರದ ತಗಡಿನ ಕೊಳವೆ ಬಾಯಿ ತೆರೆದು ನಿಂತಿದೆ. ಐದು ಮಹಡಿಯ ಕೊಳೆ ಬಟ್ಟೆಯೂ ಅದರೊಳಗಿಂದ ಬೀಳುತ್ತದೆ. ಮೇಲಿನವರು ಬೆಡ್‌ಶೀಟಿನ ನಾಲ್ಕು ಮೂಲೆ ಸೇರಿಸಿ ಗಂಟು ಹಾಕುತ್ತಾರೆ, ತಮ್ಮ ಮಹಡಿಯ ಬಣ್ಣದ ಚೀಟಿ ಸಿಕ್ಕಿಸುತ್ತಾರೆ, ಮುಖ ಆ ಕಡೆ ತಿರುಗಿಸಿ ಕೊಳವೆಗೆ ನೂಕುತ್ತಾರೆ. ಗಂಟು ಹಾಕುವ ಮುಂಚೆ ಒಳಗೇನಿದೆ ನೋಡಬೇಕು ಎಂದು ಪ್ರತಿ ಮಹಡಿಯ ಗೋಡೆಯ ಮೇಲೂ ಬರೆದಿದೆ. ಅದನ್ನು ಓದುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಕೆಳಗಿನವರು ಗಂಟು ಬಿಚ್ಚಬೇಕು. ಕೈಯಿಂದಲೇ. ರಕ್ತ ಒಂದು ಕಡೆ, ಕೀವು ಒಂದು ಕಡೆ, ಮಲಮೂತ್ರದ್ದು ಇನ್ನೊಂದು ಕಡೆ. ಒಣಗಿದ ರಕ್ತ ತಣ್ಣೀರಿಗೆ ಬಿಡುತ್ತದೆ, ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಅದನ್ನೆಲ್ಲ ಕಣ್ಣಲ್ಲಿ ನೋಡಿಯೇ ವಿಂಗಡಿಸಬೇಕು, ಮೂಗಿನಿಂದಲೂ. ರಬ್ಬರ್ ಗವುಸು ತಿಂಗಳಿಗೊಂದು ಜೊತೆ. ಅದು ಎರಡನೇ ವಾರಕ್ಕೆ ಬೆರಳ ಸಂದಿಯಲ್ಲಿ ಬಿರಿಯುತ್ತದೆ, ಉಳಿದ ಎರಡು ವಾರ ಬ್ಲೀಚಿನ ಪುಡಿ ಆ ಬಿರುಕಿನಲ್ಲೇ ವಾಸ. ಗಂಟಿನೊಳಗೆ ಏನೇನೋ ಸಿಗುತ್ತಿತ್ತು. ಚಮಚ, ಕನ್ನಡಕ, ಹಲ್ಲಿನ ಸೆಟ್ಟು. ಒಮ್ಮೆ ಒಂದು ಕಾಲ್ಬೆರಳು ಸಿಕ್ಕಿತ್ತು. ಇಸ್ತ್ರಿ ಅಣ್ಣ, ಅಂದರೆ ಕೋಣೆಯ ಆ ತುದಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ಹದಿನೆಂಟು ವರ್ಷದಿಂದ ನಿಂತವನು, ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮಹಡಿ ಮಹಡಿ ಹತ್ತಿ, ಇದು ಯಾರದ್ದು ಸ್ವಾಮಿ ಎಂದು ಕೇಳಿಕೊಂಡು ಬಂದಿದ್ದ. ಯಾರೂ ನಮ್ಮದು ಅನ್ನಲಿಲ್ಲ.

ಸಣ್ಣಕ್ಕನೂ ದೊಡ್ಡಕ್ಕನೂ ಒಂದೇ ತಾಯಿಯ ಮಕ್ಕಳು. ಕೋಣೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ದೊಡ್ಡಕ್ಕ ಮಾತು ಕಡಿಮೆ, ಕೈ ಜೋರು. ಅವಳು ಒಂದು ಗಂಟು ಬಿಚ್ಚುವುದರಲ್ಲಿ ಸಣ್ಣಕ್ಕ ಇನ್ನೂ ಚೀಟಿ ಕೀಳುತ್ತಿರುತ್ತಿದ್ದಳು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಹಳದಿ ಚೀಟಿಯ ಗಂಟಿನೊಳಗೆ ಕೈ ಹಾಕಿದ ದೊಡ್ಡಕ್ಕ ಕೈ ಹೊರಗೆ ತೆಗೆದಾಗ ಹೆಬ್ಬೆರಳ ಬುಡದಲ್ಲಿ ಸೂಜಿ ನಿಂತಿತ್ತು. ರಕ್ತ ಎಳೆಯುವ ಟೊಳ್ಳು ಸೂಜಿ. ಹಳದಿ ಚೀಟಿ ಎಂದರೆ ಐದನೇ ಮಹಡಿ.

ಅವಳು ಸೂಜಿ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ಸೂಪರ್‌ವೈಸರ್ ಮೇಜಿನ ಹತ್ತಿರ ಹೋದಳು. ಗಾಯದ ಪುಸ್ತಕದಲ್ಲಿ ಬರೆದುಕೊಳ್ಳಿ ಅಂದಳು. ಪುಸ್ತಕದಲ್ಲಿ ಬರೆದರೆ ಇಂಜೆಕ್ಷನ್ ಕೊಡಬೇಕು, ಯಾವ ಮಹಡಿ ಎಂದು ವಿಚಾರಿಸಬೇಕು, ಹೊಸ ಗವುಸು ಯಾಕೆ ಕೊಡಲಿಲ್ಲ ಎಂಬುದಕ್ಕೆ ಅವನೇ ಉತ್ತರ ಕೊಡಬೇಕು. ಅವನು ಪುಸ್ತಕ ಇದ್ದ ಡ್ರಾಯರನ್ನು ಮೊಣಕಾಲಿನಿಂದ ಮುಚ್ಚಿದ.

“ಸೂಳೆಮುಂಡೆ, ಒಂದು ಸೂಜಿ ಚುಚ್ಚಿದ್ರೆ ಸಾಯ್ತೀಯಾ? ಹೋಗಿ ಬಟ್ಟೆ ಬಿಚ್ಚು.”

ದೊಡ್ಡಕ್ಕ ಹೋಗಿ ಬಟ್ಟೆ ಬಿಚ್ಚಿದಳು. ಮೂರನೇ ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ಐದನೇ ತಿಂಗಳಿಗೆ ಸತ್ತಳು. ಅದೇ ಆಸ್ಪತ್ರೆಯಲ್ಲಿ, ತಂಗಿಯೇ ಒಗೆದ ಬೆಡ್‌ಶೀಟಿನ ಮೇಲೆ. ಸಣ್ಣಕ್ಕ ಆಫೀಸಿಗೆ ಹೋಗಿ ಕೇಳಿದಾಗ ಗುಮಾಸ್ತ ಪುಸ್ತಕ ತೆಗೆದು ತೋರಿಸಿದ. ಆ ದಿನದ ಪುಟ ಖಾಲಿ. ಪುಸ್ತಕದಲ್ಲಿ ಇಲ್ಲದ ಸೂಜಿ ಎಲ್ಲೂ ಇರಲಿಲ್ಲ, ಸ್ವಲ್ಪ ಸಹನೆ ಇರಲಿ ಅಂದ.

ಹೀಗಾಗಿ ಆ ಸೂಜಿ ಇರುವುದಕ್ಕೆ ಒಂದೇ ಜಾಗ ಉಳಿಯಿತು. ಸಣ್ಣಕ್ಕನ ಕಥೆ.

ಅವಳು ಬರೆಯುತ್ತಾಳೆ ಎಂದು ಮೊದಲು ಕಂಡುಹಿಡಿದದ್ದು ಐದನೇ ಮಹಡಿಯ ದೊಡ್ಡ ಡಾಕ್ಟರಮ್ಮ. ಒಮ್ಮೆ ಲಿಫ್ಟು ಕೆಟ್ಟು ಇಬ್ಬರೂ ಮಧ್ಯದಲ್ಲಿ ಸಿಕ್ಕಿಕೊಂಡಿದ್ದಾಗ ಸಣ್ಣಕ್ಕ ಮೂಲೆಯಲ್ಲಿ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಡಾಕ್ಟರಮ್ಮ ಇಣುಕಿ ಓದಿದರು. ಸೋಪಿನ ನೊರೆಯ ಬಗ್ಗೆ ನಾಲ್ಕು ಸಾಲು. ಪಾಪ, ಎಷ್ಟು ಚೆನ್ನಾಗಿ ಬರೀತೀಯೆ ಅಂದರು. ಅವರೂ ಕವಿತೆ ಬರೆಯುವವರು. ತಮ್ಮ ಬಳಗಕ್ಕೆ ಅವತ್ತೇ ಸೇರಿಸಿದರು. ಬಳಗದವರು ಅವಳನ್ನು ಹೊತ್ತು ಮೆರೆಸಿದರು. ಕಲೆಯ ಬಗ್ಗೆ ಬರೆದರೆ ಮೆಚ್ಚಿದರು, ನೀರಿನ ಬಗ್ಗೆ ಬರೆದರೆ ಕಣ್ಣೀರು ಹಾಕಿದರು. ನಿಮ್ಮಂಥವರು ಬರೀಬೇಕು ಅಂದರು. ಎರಡು ವರ್ಷ ಹೀಗೇ ನಡೆಯಿತು. ಎಲ್ಲಿಯವರೆಗೆ ನೊರೆ ಬರೆದಳೋ ಅಲ್ಲಿಯವರೆಗೆ.

ಬಳಗಕ್ಕೆ ಯಜಮಾನರು ಒಬ್ಬ ನಿವೃತ್ತ ಮೇಷ್ಟ್ರು. ಬಳಗಕ್ಕೊಂದು ಜರಡಿಯೂ ಇತ್ತು. ಮೇಷ್ಟ್ರ ಅಳಿಯ ಕಂಪ್ಯೂಟರಿನಲ್ಲಿ ಮಾಡಿಕೊಟ್ಟದ್ದು. ಅದರ ಹೊಟ್ಟೆಯಲ್ಲಿ ಕೆಟ್ಟ ಮಾತುಗಳ ಪಟ್ಟಿ. ಯಾರ ಬರಹದಲ್ಲಾದರೂ ಪಟ್ಟಿಯ ಮಾತು ಬಂದರೆ ಜರಡಿ ಅದನ್ನು ತೆಗೆದು ಮೂರು ಚುಕ್ಕಿ ಇಡುತ್ತಿತ್ತು. ಪಟ್ಟಿಯಲ್ಲಿದ್ದದ್ದು ಹನ್ನೊಂದೇ ಮಾತು. ಮೇಷ್ಟ್ರಿಗೆ ಗೊತ್ತಿದ್ದದ್ದು ಅಷ್ಟೇ, ಅಥವಾ ಗೊತ್ತಿದೆಯೆಂದು ಒಪ್ಪಿಕೊಂಡದ್ದು ಅಷ್ಟೇ. ಸೂಪರ್‌ವೈಸರನ ಮಾತು ಆ ಹನ್ನೊಂದರಲ್ಲಿ ಇರಲಿಲ್ಲ. ಸಣ್ಣಕ್ಕ ಸೂಜಿಯ ಕಥೆ ಹಾಕಿದಾಗ ಅದು ಜರಡಿಯ ಕಣ್ಣಲ್ಲಿ ನುಸುಳಿ ಕೆಳಗೆ ಬಿತ್ತು.

ಆಮೇಲೆ ಜಗಳ ಹೊತ್ತಿಕೊಂಡಿತು. ಹೆಣ್ಣುಮಕ್ಕಳಿರುವ ಜಾಗದಲ್ಲಿ ಇದೇನು ಮಾತು ಅಂದರು. ಬೈದನು ಎಂದು ಬರೆದರೆ ಸಾಲದೆ ಅಂದರು. ತಾನು ಊಟಕ್ಕೆ ಕೂತಾಗ ಓದಿದೆ, ತಟ್ಟೆ ಸರಿಸಿ ಎದ್ದೆ ಎಂದು ಒಬ್ಬ ಪುಸ್ತಕದಂಗಡಿಯವನು ಬರೆದ. ಸಣ್ಣಕ್ಕನ ಪರವಾಗಿಯೂ ಜನ ನಿಂತರು. ಒಬ್ಬ ವಕೀಲ ಹಸಿ ಮಾತಿಗೆ ಒಂದು ಸೊಗಸಿದೆ, ಇಂಥ ಜನರ ಬಾಯಲ್ಲೇ ಅದು ಚೆಂದ ಎಂದು ಉದ್ದ ಬರೆದ. ಇಂಥ ಜನ ಎಂದರೇನು ಎಂದು ಇನ್ನೊಬ್ಬ ಅವನ ಮೇಲೆ ಬಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಹರಿದು ತಿಂದರು. ಹಳೆಯ ಜಗಳಗಳೆಲ್ಲ ಎದ್ದು ಬಂದವು. ಸಂಜೆಯ ಹೊತ್ತಿಗೆ ಕಥೆಯ ಕೆಳಗೆ ನೂರ ನಲವತ್ತಮೂರು ಮಾತು ಬಿದ್ದಿದ್ದವು.

ಸಣ್ಣಕ್ಕ ನೂರ ನಲವತ್ತಮೂರನ್ನೂ ಓದಿದಳು. ನೆನೆಸಿದ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓದಿದಳು. ಬೈದವರಿದ್ದರು, ಹೊಗಳಿದವರಿದ್ದರು. ಸೂಜಿ ಯಾರ ಬಾಯಲ್ಲೂ ಇರಲಿಲ್ಲ. ಆ ಹೆಂಗಸು ಏನಾದಳು ಎಂದು ಒಬ್ಬರೂ ಕೇಳಿರಲಿಲ್ಲ.

ಇಸ್ತ್ರಿ ಅಣ್ಣ ಹಿಂದೆ ನಿಂತು ಫೋನಿನೊಳಗೆ ಇಣುಕಿದ. “ಇಷ್ಟು ಜನಕ್ಕೆ ಒಂದೇ ಸಲ ನೋವಾದ್ರೆ ಇಲ್ಲಿ ಹಾಸಿಗೆ ಸಾಲಲ್ಲ, ಸಣ್ಣಕ್ಕ. ಕೊನೆಗೆ ಬಟ್ಟೆ ಒಗೆಯೋಳು ನೀನೇ.”

ಅವಳಿಗೆ ನಗು ಬರಲಿಲ್ಲ. ದೂರು ಕೊಟ್ಟವರ ಲೆಕ್ಕ ಮಿತಿ ದಾಟಿತ್ತು. ಅವಳು ನೋಡುತ್ತಿದ್ದಂತೆಯೇ ಕಥೆ ಮಾಯವಾಯಿತು. ಆ ಜಾಗದಲ್ಲಿ, ಈ ಬರಹವನ್ನು ತಡೆಹಿಡಿಯಲಾಗಿದೆ ಎಂಬ ಒಂದು ಸಾಲು. ಗಾಯದ ಪುಸ್ತಕದ ಖಾಲಿ ಪುಟ ಅವಳಿಗೆ ಕಣ್ಣಿಗೆ ಕಟ್ಟಿದಂತಾಯಿತು.

ಮಾರನೇ ದಿನ ಡಾಕ್ಟರಮ್ಮ ನೆಲಮಾಳಿಗೆಗೆ ಇಳಿದು ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಸೂಪರ್‌ವೈಸರ್ ಕುರ್ಚಿ ಒರೆಸಿ ತಂದಿಟ್ಟ, ಅವರು ಕೂರಲಿಲ್ಲ. ಬಳಗದಲ್ಲಿ ತಮಗೆ ಎಷ್ಟು ಮುಜುಗರವಾಯಿತೆಂದು ಹೇಳಿದರು. ತಾವೇ ಕರೆದುಕೊಂಡು ಬಂದವಳು ಹೀಗೆ ಮಾಡಿದಳಲ್ಲ ಎಂದು ಎಲ್ಲರೂ ತಮ್ಮನ್ನೇ ಕೇಳುತ್ತಿದ್ದಾರಂತೆ. ಆ ಒಂದು ಕೊಳಕು ಮಾತು ತೆಗೆದುಬಿಡು, ಎಲ್ಲ ಸರಿಹೋಗುತ್ತೆ ಅಂದರು. ಹೊರಡಲು ತಿರುಗಿದವರು ನಿಂತರು.

“ಹಾಗೇ ಆ ಹಳದಿ ಚೀಟಿ, ಐದನೇ ಮಹಡಿ, ಅದೂ ಬೇಡ. ತಪ್ಪು ತಿಳ್ಕೋಬೇಡ. ಕಥೆಗೆ ಅದೆಲ್ಲ ಯಾಕೆ ಬೇಕು?”

ಸಣ್ಣಕ್ಕನ ಕೈಯಲ್ಲಿ ಒಂದು ಮಗುವಿನ ಚಡ್ಡಿ ಇತ್ತು. ಅದನ್ನು ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು. ಕೊಳಕು ಯಾವುದು ಎಂದು ಅವಳಿಗೆ ಈಗ ತಿಳಿಯಿತು. ಮಾತಿಗೆ ಮೂಗು ಮುಚ್ಚಿಕೊಂಡವರು ಕಣ್ಣು ಮುಚ್ಚಿಕೊಂಡದ್ದು ಸೂಜಿಗೆ.

ಅವತ್ತು ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ಮೇಷ್ಟ್ರು ಕೆಟ್ಟವರಲ್ಲ. ಯಾರ ಮೇಲೂ ದನಿ ಎತ್ತದವರು, ಎಲ್ಲರ ಕೈಯಲ್ಲೂ ಒಳ್ಳೆಯವರು ಅನ್ನಿಸಿಕೊಂಡವರು. ಹಾಗೆ ಅನ್ನಿಸಿಕೊಳ್ಳಲು ಯಾರನ್ನಾದರೂ ತುಳಿಯಬೇಕಾದರೆ ಚಪ್ಪಲಿ ಬಿಟ್ಟು ತುಳಿಯುವವರು. ಜಗಳ ಮುಗಿಸಲು ಒಂದು ದಾರಿ ಹುಡುಕಿದ್ದೇನೆ ಅಂದರು. ಭಾನುವಾರ ಬಳಗದ ವರ್ಷದ ಕೂಟ. ಎಲ್ಲರೂ ಬೆಳಿಗ್ಗೆ ಹತ್ತರಿಂದ ತಮ್ಮ ತಮ್ಮ ಬರಹ ಹಾಕುತ್ತಾರೆ. ಹನ್ನೊಂದು ಗಂಟೆಗೆ ಸಣ್ಣಕ್ಕ ತನ್ನ ಕಥೆಯನ್ನು ಮತ್ತೆ ಹಾಕಬಹುದು. ಅದರ ಕೆಳಗೆ ನಾಲ್ಕು ಸಾಲು ಕ್ಷಮೆ ಕೇಳಬೇಕು. ಆ ಮಾತಿನ ಮೇಲೆ ಜರಡಿ ಚುಕ್ಕಿ ಇಡುತ್ತದೆ. ಅದಕ್ಕೆ ಪಟ್ಟಿ ಉದ್ದ ಮಾಡಬೇಕು.

“ನಮ್ಮ ಬಾಯಲ್ಲಿ ಅಂಥ ಮಾತು ಬರಲ್ಲಮ್ಮ. ನಮಗೆ ಗೊತ್ತೂ ಇಲ್ಲ. ನಿಮ್ಮಂಥವರಿಗೆ ಗೊತ್ತಿರುತ್ತೆ. ನೋವಾಗೋ ಮಾತು ಎಷ್ಟಿವೆಯೋ ಅಷ್ಟೂ ಬರೆದು ಶನಿವಾರದೊಳಗೆ ಕಳಿಸು. ಒಂದು ಸಾಲಿಗೆ ಒಂದು.”

“ಆಯ್ತು ಮೇಷ್ಟ್ರೇ.”

“ಹಾಂ, ಸೂಜಿ ಅನ್ನೋದನ್ನೂ ಸೇರಿಸಿಬಿಡು. ಐದನೇ ಮಹಡಿ ಅನ್ನೋದನ್ನೂ. ಡಾಕ್ಟರಮ್ಮ ಹೇಳಿದಾರೆ.”

ಸಣ್ಣಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಹಿಂದೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು.

“ಸೂಜಿ ಬೈಗುಳವಾ ಮೇಷ್ಟ್ರೇ?”

“ಹಾಗಲ್ಲಮ್ಮ. ಕೆಲವರಿಗೆ ನೋವಾಗುತ್ತೆ.”

“ಚುಚ್ಚಿದ್ರೆ ನೋವಾಗುತ್ತೆ. ಓದಿದ್ರೂ ಆಗುತ್ತಾ?”

ಮೇಷ್ಟ್ರು ಸಭ್ಯವಾಗಿ ನಕ್ಕು ಫೋನಿಟ್ಟರು.

ಮೂರು ದಿನ ಮಧ್ಯಾಹ್ನದ ಊಟದ ಅರ್ಧ ಗಂಟೆಯಲ್ಲಿ ಅವಳು ಪಟ್ಟಿ ಬರೆದಳು. ಮೊದಲ ದಿನ ಸೂಪರ್‌ವೈಸರನ ಬಾಯಿಂದ ಶುರುಮಾಡಿದಳು. ಅವನ ಒಂದು ವಾರದ ಮಾತೇ ಇಪ್ಪತ್ತೆರಡು ಸಾಲಾಯಿತು. ಬರೆದು ನೋಡಿದಳು. ಇವುಗಳ ಮೇಲೆ ಚುಕ್ಕಿ ಇಟ್ಟರೆ ಅಂದವನಿಗೇ ಬಟ್ಟೆ ಹೊದಿಸಿದ ಹಾಗೆ ಅನ್ನಿಸಿತು. ಅವನು ಅಂದದ್ದು ಅಂದ ಹಾಗೆಯೇ ನಿಲ್ಲಬೇಕು, ಕಂಬಕ್ಕೆ ಕಟ್ಟಿದ ಹಾಗೆ. ಇಪ್ಪತ್ತೆರಡನ್ನೂ ಅಳಿಸಿದಳು.

ಮೇಷ್ಟ್ರು ಕೇಳಿದ್ದು ನೋವಾಗುವ ಮಾತು. ಯಾವ ಮಾತಿಗೆ ತನಗೆ ನಿಜವಾಗಿ ನೋವಾಯಿತು ಎಂದು ಕೂತು ನೆನೆಸಿಕೊಂಡಳು. ಒಂದೊಂದೇ ಎದ್ದು ಬಂದವು. ಒಂದು ಸಾಲಿಗೆ ಒಂದು ಮಾತು, ಪಕ್ಕದಲ್ಲಿ ಗೆರೆ, ಆಮೇಲೆ ಯಾರು ಯಾವಾಗ ಅಂದದ್ದು.

ಸಹನೆ. ದೊಡ್ಡಕ್ಕನ ಹೆಣ ಇನ್ನೂ ಮೇಲಿದ್ದಾಗ ಆಫೀಸಿನ ಗುಮಾಸ್ತ ಅಂದದ್ದು. ಪಾಪ. ಡಾಕ್ಟರಮ್ಮ, ಲಿಫ್ಟಿನಲ್ಲಿ. ಆಮೇಲೆ ಬಳಗದವರು, ಲೆಕ್ಕವಿಲ್ಲದಷ್ಟು ಸಲ. ಆ ಕಡೆ. ಎರಡನೇ ಮಹಡಿಯಲ್ಲಿ ಕುಡಿಯುವ ನೀರಿಗೆ ನಿಂತಿದ್ದಾಗ ಒಬ್ಬ ರೋಗಿಯ ಹೆಂಡತಿ, ಸ್ವಲ್ಪ ಆ ಕಡೆ ನಿಂತ್ಕೋಮ್ಮ ಅಂದದ್ದು. ಸ್ವಲ್ಪ ಎಂಬುದೂ ಅವಳದೇ. ಪರವಾಗಿಲ್ಲ. ಪರವಾಗಿಲ್ಲವೇ, ನೀನೂ ಬರೀತೀಯಲ್ಲ ಎಂದು ಪುಸ್ತಕದಂಗಡಿಯವನು. ನಿಮ್ಮಂಥವರು. ಮೇಷ್ಟ್ರು, ಎರಡು ಸಲ ಫೋನಿನಲ್ಲಿ, ಅದಕ್ಕೂ ಮುಂಚೆ ಹದಿನಾಲ್ಕು ಸಲ ಬರಹದಲ್ಲಿ. ತಪ್ಪು ತಿಳಿಯಬೇಡಿ. ಮುಗ್ಧ. ಹೊಂದಿಕೊಂಡು. ಸಭ್ಯ. ಸಂಸ್ಕಾರ. ಸೂಕ್ಷ್ಮ. ದೊಡ್ಡ ಮನಸ್ಸು. ಅರವತ್ತೇಳು ಸಾಲಾಯಿತು, ಸೂಜಿಯೂ ಐದನೇ ಮಹಡಿಯೂ ಅದರಲ್ಲಿರಲಿಲ್ಲ. ಬರೆಯುವಾಗ ಎರಡು ಕಡೆ ಅಳು ಬಂತು, ಒಂದು ಕಡೆ ನಗು ಬಂತು.

ಮೋಸ ಮಾಡುವ ಬುದ್ಧಿ ಅವಳಿಗಿರಲಿಲ್ಲ. ಪಟ್ಟಿಯ ತಲೆಯ ಮೇಲೆ, ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದಳು: ಇವು ನನಗೆ ನೋವಾದ ಮಾತುಗಳು. ಓದಿ ನೋಡಿದ ಮೇಲೆಯೇ ಜರಡಿಗೆ ಹಾಕಿ.

ಇಸ್ತ್ರಿ ಅಣ್ಣ ಪೂರ್ತಿ ಓದಿದ. ದಿಂಬಿನ ಚೀಲ ಸುಟ್ಟ ವಾಸನೆ ಬರುವವರೆಗೆ ಓದಿದ. “ಓದಿದ್ರೆ ನಿನ್ನನ್ನ ಓಡಿಸ್ತಾರೆ. ಓದದಿದ್ರೆ?” ಅಂದ. ಓದದೆ ಇರ್ತಾರಾ, ಅವರು ಓದುವವರೇ ಅಲ್ಲವಾ ಅಂದಳು ಸಣ್ಣಕ್ಕ. ಅವಳು ಹಾಗೇ ನಂಬಿದ್ದಳು.

ಶನಿವಾರ ಪಟ್ಟಿ, ಒಟ್ಟು ಅರವತ್ತೇಳು ಎಂಬ ಸಂದೇಶದ ಜೊತೆ, ಮೇಷ್ಟ್ರಿಗೆ ಹೋಯಿತು. ಒಬ್ಬ ಒಗೆಯುವವಳ ಬಾಯಿಂದ ಬಂದ ಅರವತ್ತೇಳು ಹೊಲಸು ಮಾತು ತಮ್ಮ ಫೋನಿನಲ್ಲಿ ಇದೆ ಎಂಬುದೇ ಮೇಷ್ಟ್ರಿಗೆ ಅಸಹ್ಯವಾಯಿತು. ತೆರೆಯದೆ ಅಳಿಯನಿಗೆ ಕಳಿಸಿದರು. ಅಳಿಯ ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆಂದು ಕಣ್ಣು ಓರೆ ಮಾಡಿಕೊಂಡು, ಮೊದಲ ಸಾಲು ತಲೆಬರಹ ಇರಬೇಕೆಂದು ಬಿಟ್ಟು, ಗೆರೆಯ ಈಚೆಗಿದ್ದದ್ದನ್ನೆಲ್ಲ ಒಂದೇ ಏಟಿಗೆ ಜರಡಿಗೆ ಸುರಿದ. ಎಷ್ಟು ಸಾಲು ಎಂದು ಎಣಿಸಿದ, ಅರವತ್ತೇಳು. ಸರಿಯಾಗಿದೆ ಎಂದು ಮಾವನಿಗೆ ಹೇಳಿ ಫೋನು ಮುಚ್ಚಿದ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಸಿಗ್ನಲ್ ಇಲ್ಲದ ಕಡೆಗೆ ತಿರುಗಾಟಕ್ಕೆ ಹೋದ.

ಭಾನುವಾರ ಆಸ್ಪತ್ರೆಗೆ ರಜೆಯಿಲ್ಲ. ಸಣ್ಣಕ್ಕ ಗಂಟು ಬಿಚ್ಚುತ್ತಿದ್ದಳು. ಹತ್ತು ಗಂಟೆಗೆ ಇಸ್ತ್ರಿ ಅಣ್ಣ ಅವಳ ಫೋನು ಹಿಡಿದು ನಿಂತ. ಮೇಷ್ಟ್ರ ಸ್ವಾಗತ ಬಂತು.

“... ಓದುಗರೇ, ... ಮನಸ್ಸಿನ ಬರಹಗಾರರೇ, ನಮ್ಮ ಬಳಗದ ... ಇಂದು ಎಲ್ಲರಿಗೂ ಮಾದರಿ. ..., ಕೆಲವರಿಂದ ... ತೊಂದರೆಯಾದರೂ ನಾವು ... ಕಳೆದುಕೊಳ್ಳಲಿಲ್ಲ. ...”

ಅವನು ಅದನ್ನು ಓದಿದ ರೀತಿಗೆ, ಚುಕ್ಕಿ ಬಂದಲ್ಲೆಲ್ಲ ಇಸ್ತ್ರಿ ಯಂತ್ರದ ಹಿಡಿ ಒತ್ತಿ ಬುಸ್ ಅನ್ನಿಸಿದ ರೀತಿಗೆ, ಕೋಣೆಯ ಹನ್ನೆರಡು ಜನವೂ ಕೆಲಸ ಬಿಟ್ಟರು. ಡಾಕ್ಟರಮ್ಮನ ಕವಿತೆ ಬಂತು. ಮನೆಗೆಲಸದವಳ ಮೇಲೆ ಬರೆದದ್ದಂತೆ. ಹನ್ನೆರಡು ಸಾಲಿನಲ್ಲಿ ಉಳಿದದ್ದು ಪೊರಕೆ, ಬಕೆಟ್ಟು ಮತ್ತು ಆಹಾ. ಪುಸ್ತಕದಂಗಡಿಯವನು ಯಾರು ಇಷ್ಟು ಹೊಲಸು ಮಾತಾಡುತ್ತಿರುವುದು ಎಂದು ಮೇಷ್ಟ್ರನ್ನೇ ಗದರಿದ. ತಪ್ಪು ತಿಳಿಯಬೇಡಿ ಎಂದು ಮೇಷ್ಟ್ರು ಬರೆದರು, ಮೂರು ಚುಕ್ಕಿ ಬಂತು. ಮತ್ತೆ ಬರೆದರು, ಮತ್ತೆ ಮೂರು ಚುಕ್ಕಿ. ಎರಡು ಸಾವಿರ ಜನಕ್ಕೆ ಮೇಷ್ಟ್ರು ಬೆಳಿಗ್ಗೆಯೇ ಬೈಯುತ್ತಿದ್ದಾರೆಂದೇ ಕಂಡಿತು. ಅವರ ನಾಲಿಗೆಯ ಮೇಲೆ ದಿನವೂ ಓಡಾಡುತ್ತಿದ್ದ ಮಾತುಗಳೆಲ್ಲ ಕಿತ್ತುಹೋಗಿ ಬರೀ ತೂತು ಉಳಿದಿತ್ತು.

ಸಣ್ಣಕ್ಕ ನಗಲಿಲ್ಲ. ಅವಳಿಗೆ ಬೇರೊಂದು ಹೊಳೆದಿತ್ತು. ಓದಲಿಲ್ಲ. ಮೇಷ್ಟ್ರು ಪಟ್ಟಿಯ ಮೊದಲ ಸಾಲನ್ನೂ ಓದಲಿಲ್ಲ.

ಹನ್ನೊಂದಕ್ಕೆ ಕೈ ತೊಳೆದು, ಒರೆಸಿಕೊಂಡು, ತನ್ನ ಕಥೆ ಹಾಕಿದಳು. ಹಳದಿ ಚೀಟಿ, ಐದನೇ ಮಹಡಿ, ಸೂಜಿ, ಹೆಬ್ಬೆರಳ ಬುಡ, ಮೊಣಕಾಲಿನಿಂದ ಮುಚ್ಚಿದ ಡ್ರಾಯರು. ಸೂಪರ್‌ವೈಸರನ ಮಾತು. ಜರಡಿ ಒಂದಕ್ಷರ ಮುಟ್ಟಲಿಲ್ಲ. ಚುಕ್ಕಿ ಬಿದ್ದ ಬರಹಗಳ ನಡುವೆ ಅದೊಂದೇ ಇಡಿಯಾಗಿ ನಿಂತಿತು. ಓದಲು ಬೇರೆ ಏನೂ ಇಲ್ಲದ್ದರಿಂದ ಜನ ಅದನ್ನೇ ಓದಿದರು. ಕ್ಷಮೆಯ ನಾಲ್ಕು ಸಾಲನ್ನು ಅವಳು ಬರೆದೇ ಇರಲಿಲ್ಲ.

ಐದು ನಿಮಿಷಕ್ಕೆ ಮೇಷ್ಟ್ರ ಫೋನು ಬಂತು. ದನಿ ಎತ್ತದ ಮನುಷ್ಯ ದನಿ ಎತ್ತಿದ್ದರು. ಏನು ಮಾಡಿಬಿಟ್ಟೆ, ಯಾವ ಜನ್ಮದ ಸೇಡು, ಇಷ್ಟು ವರ್ಷ ಬೆಳೆಸಿದವರಿಗೆ ಇದೇನಾ ನೀನು ಮಾಡೋದು ಅಂದರು. ಅವರು ಮುಗಿಸುವವರೆಗೆ ಅವಳು ಕಾದಳು.

“ನೀವು ನೋವಾಗೋ ಮಾತು ಕೇಳಿದ್ರಿ, ಬರೆದೆ. ಓದಿ ಹಾಕಿ ಅಂತ ಮೇಲೇ ಬರೆದಿದ್ದೆ. ಓದಿದ್ರಾ?”

ಅಳಿಯನಿಗೆ ಕಳಿಸಿದ್ದೆ ಅಂದರು ಮೇಷ್ಟ್ರು.

“ಬಿಚ್ಚಿ ನೋಡದೆ ಕೆಳಗೆ ತಳ್ಳಿದ್ರಿ. ನಮ್ಮಕ್ಕ ಸತ್ತಿದ್ದು ಹಾಗೇ.”

ಮಧ್ಯಾಹ್ನದೊಳಗೆ ಅವಳನ್ನು ಬಳಗದಿಂದ ತೆಗೆದರು. ತೆಗೆಯುವ ಮುಂಚೆ ಕಥೆಯ ಕೆಳಗೆ ಒಂದೇ ಒಂದು ಮಾತು ಬಿದ್ದಿತ್ತು. ಯಾರೋ ಗೊತ್ತಿಲ್ಲದ ಹೆಂಗಸು, ಬೇರೆ ಯಾವುದೋ ಆಸ್ಪತ್ರೆಯಲ್ಲಿ ನೆಲ ಒರೆಸುವವಳಂತೆ, ಕೇಳಿದ್ದಳು: ಆ ಸೂಜಿ ಈಗ ಎಲ್ಲಿದೆ?

ಸೂಜಿ ಸಣ್ಣಕ್ಕನ ಹತ್ತಿರವೇ ಇತ್ತು. ದೊಡ್ಡಕ್ಕ ಅದನ್ನು ಔಷಧದ ಖಾಲಿ ಡಬ್ಬಿಯಲ್ಲಿ ಹಾಕಿ, ಹಳದಿ ಚೀಟಿ ಸುತ್ತಿ ಇಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಮೊದಲ ಗಂಟು ಬಿತ್ತು. ಹಳದಿ ಚೀಟಿ. ಸಣ್ಣಕ್ಕ ಗವುಸು ಬಿಚ್ಚಿ, ಡಬ್ಬಿಯನ್ನು ಸೂಪರ್‌ವೈಸರನ ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. ಮೇಲಿನವರು ಬಿಚ್ಚಿ ನೋಡಿ ಕಳಿಸಲಿ, ಅಲ್ಲಿಯವರೆಗೆ ನಾನು ಕೈ ಹಾಕಲ್ಲ ಅಂದಳು. ಸೂಪರ್‌ವೈಸರ್ ಎದ್ದು ಬಂದು ಅದೇ ಮಾತು ಅಂದ.

“ಇನ್ನೊಂದ್ಸಲ ಅನ್ನಿ. ತಾರೀಕು ಹಾಕಿ ಬರ್ಕೋಬೇಕು.”

ಅವಳ ಕೈಯಲ್ಲಿ ಫೋನಿತ್ತು. ಅವನು ಡಬ್ಬಿಯ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆ ಹೊತ್ತಿಗೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಗವುಸು ಬಿಚ್ಚಿದರು. ಇಸ್ತ್ರಿ ಅಣ್ಣ ಯಂತ್ರ ಆರಿಸಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಕೊಳವೆಯ ಸದ್ದು ಮಾತ್ರ ಕೇಳಿಸಿತು. ಗಂಟಿನ ಮೇಲೆ ಗಂಟು. ಹಸಿರು, ನೀಲಿ, ಕೆಂಪು, ಬಿಳಿ, ಹಳದಿ. ಕೊಳವೆಯ ಕೆಳಗಿನ ಬಾಯಿ ತುಂಬಿತು. ಹತ್ತು ಗಂಟೆಗೆ ಮೊದಲ ಮಹಡಿಯವರು ಫೋನು ಮಾಡಿದರು, ಗಂಟು ಇಳಿಯುತ್ತಿಲ್ಲವಲ್ಲ ಎಂದು. ಹತ್ತೂವರೆಗೆ ಎರಡನೆಯವರು. ಆಮೇಲೆ ಮೂರನೆಯವರು.

ಸಣ್ಣಕ್ಕ ಕೈಕಟ್ಟಿ ಕೂತು ಐದನೆಯವರ ಫೋನಿಗೆ ಕಾದಳು.